ಹಾರ್ಡ್ ಡಿಸ್ಕ್ ಕಾಣಿಸುತ್ತಿಲ್ಲವಾ? ಫಾರ್ಮ್ಯಾಟ್ ಒತ್ತಬೇಡಿ! | ಉಡುಪಿ ವ್ಲಾಗ್

ಈ ಶಬ್ದ ಕೇಳಿಸಿತಾ? ಡಿಸ್ಕ್ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ‘ಟಿಡಿಂಗ್’ ಅಂದಿತು, ಹಿಂದೆಯೇ ಇನ್ನೊಂದು ಶಬ್ದ. ಅಂದರೆ ಡಿಸ್ಕ್ ಬಂತು, ಹೋಯಿತು. ಲೈಟ್ ಉರಿಯುತ್ತಿದೆ, ಸ್ಕ್ರೀನಿನಲ್ಲಿ ಮಾತ್ರ ಏನೂ ಇಲ್ಲ.

ಇದರೊಳಗೆ ಎಂತ ಉಂಟು ಗೊತ್ತುಂಟಾ? 2024ರ ಜನವರಿ 18, ಪುತ್ತಿಗೆ ಮಠದ ಪರ್ಯಾಯ, ಅಂದರೆ ಉಡುಪಿ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಜೋಡುಕಟ್ಟೆಯಿಂದ ಹೊರಟ ಮೆರವಣಿಗೆ ಪೂರ್ತಿ ಇದರಲ್ಲೇ ಉಂಟು. ಪರ್ಯಾಯ ಎರಡು ವರ್ಷಕ್ಕೊಮ್ಮೆ, ಆದರೆ ಎಂಟು ಮಠ ಸುತ್ತಿ ಅದೇ ಮಠಕ್ಕೆ ಸರದಿ ಬರಲು 16 ವರ್ಷ ಬೇಕು. ಆ ರಾತ್ರಿ ರಥಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ... ಸರಿ, ಆ ಕಥೆ ಆಮೇಲೆ.

ಹಬ್, ಅಂದರೆ ಒಂದು ಪೋರ್ಟನ್ನು ನಾಲ್ಕಾರು ಮಾಡುವ ಡಬ್ಬಿ, ಅದನ್ನು ತೆಗೆದು ನೇರ ಲ್ಯಾಪ್‌ಟಾಪಿಗೇ ಹಾಕಿದೆ. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್, 3 ಆದರೆ 900. ಒಂದೇ ಹಬ್ಬಿಗೆ ಮೌಸ್, ಕಾರ್ಡ್ ರೀಡರ್ ಎಲ್ಲ ಸಿಕ್ಕಿಸಿದರೆ ಡಿಸ್ಕ್ ತಿರುಗಲು ಕರೆಂಟ್ ಸಾಲುವುದಿಲ್ಲ. ಈಗ ಕಿವಿ ಇಟ್ಟು ಕೇಳುತ್ತಿದ್ದೇನೆ. ಸುಯ್ ಅಂತ ತಿರುಗುತ್ತಿದೆ, ಒಳ್ಳೆಯದು. ಟಕ್ ಟಕ್ ಅಂತ ಬಡಿಯುತ್ತಿದ್ದರೆ ಆಗಲೇ ಕೇಬಲ್ ಎಳೆದುಬಿಡಿ. ಡೇಟಾ ಓದುವ ಹೆಡ್ ಹಾಳಾಗಿರಬಹುದು, ಮತ್ತೆ ಮತ್ತೆ ಹಾಕಿದಷ್ಟೂ ಒಳಗಿನ ತಟ್ಟೆ ಗೀಚಿಹೋಗುತ್ತದೆ.

ಇದು ಡಿಸ್ಕ್ ಮ್ಯಾನೇಜ್‌ಮೆಂಟ್, ಸಿಕ್ಕಿಸಿದ ಡಿಸ್ಕ್‌ಗಳನ್ನೆಲ್ಲ ತೋರಿಸುವ ವಿಂಡೋಸ್ ಕಿಟಕಿ. ಇಲ್ಲಿ ಡಿಸ್ಕ್ ಕಂಡು ಡ್ರೈವ್ ಲೆಟರ್ (D, E ಅಂತ ಇರುತ್ತದಲ್ಲ, ಅದು) ಮಾತ್ರ ಇಲ್ಲದಿದ್ದರೆ ಒಂದು ಲೆಟರ್ ಕೊಡಿ, ಮುಗಿಯಿತು. ನನ್ನದು ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ. ಕೇಬಲ್ ಮೇಲೆಯೇ ಸಂಶಯ ಬಂತು.

ಈಗ ಸಿಟ್ಟು ಬಂದ ಭಾಗ. ಈ ಮಳೆಯಲ್ಲಿ ಡಿಸ್ಕನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ಪೇಟೆಯ ಒಂದು ಅಂಗಡಿಗೆ ಹೋದೆ. ಕೇಳಿದ್ದು ಕೇಬಲ್ ಮಾತ್ರ. ಅವರು ನನ್ನ ಕೈಯಿಂದ ಡಿಸ್ಕ್ ತಗೊಂಡು, ಅದೇ ಹಳೇ ಕೇಬಲಿನಲ್ಲಿ ತಮ್ಮ ಕಂಪ್ಯೂಟರಿಗೆ ಹಾಕಿದರು. ‘ಫಾರ್ಮ್ಯಾಟ್ ಮಾಡಬೇಕು’ ಅಂತ ಒಂದು ಕಿಟಕಿ ಬಂತು. ಅವರ ಮೌಸ್ ಸೀದಾ ಆ ಬಟನ್ ಮೇಲೆ! “ಬೇಡ, ಬೇಡ ಮಾರಾಯ್ರೆ” ಅಂತ ಕೈ ಅಡ್ಡ ಹಿಡಿದೆ. “ಫಾರ್ಮ್ಯಾಟ್ ಮಾಡಿದರೆ ಸರಿಯಾಗ್ತದೆ ಸರ್” ಅಂದರು. ಡಿಸ್ಕ್ ಸರಿಯಾಗಬಹುದು, ನನ್ನ ವೀಡಿಯೊ ಎಲ್ಲಿಗೆ ಹೋಗಬೇಕು? ಡೇಟಾ ಬೇಕಾದರೆ 12,000 ಆಗುತ್ತದಂತೆ. ಕೇಬಲ್ ಬದಲಿಸಿ ನೋಡುವ ಮೊದಲೇ 12,000! ಗಿರಾಕಿಯ ಡಿಸ್ಕಿನಲ್ಲಿ ಏನಿದೆ ಅಂತ ಕೇಳದೆ ಆ ಬಟನ್ ಮುಟ್ಟುವುದು ತಪ್ಪು. ಮದುವೆ ಫೋಟೊ ಇರಬಹುದು, ತೀರಿಕೊಂಡವರ ದನಿ ಇರಬಹುದು. ಕಂಪ್ಯೂಟರ್ ‘ಇನಿಶಿಯಲೈಸ್’ (ಡಿಸ್ಕನ್ನು ಹೊಸದರಂತೆ ಸಿದ್ಧ ಮಾಡುವುದು) ಅಂತ ಕೇಳಿದರೂ ಅಷ್ಟೇ, ಬೇಡ ಅನ್ನಿ. ಕೇಬಲ್ ಅವರಲ್ಲಿ ಇರಲೇ ಇಲ್ಲ. ಎಲ್ಲ ಅಂಗಡಿಯಲ್ಲೂ ಟೈಪ್ ಸಿ ಮಾತ್ರ ನೇತಾಡುತ್ತಿದೆ.

ಮನೆಗೆ ಬಂದು ಕಪಾಟು ಹುಡುಕಿದೆ. ಹತ್ತಿರದಿಂದ ತೋರಿಸುತ್ತೇನೆ. ಡಿಸ್ಕಿನ ಈ ಅಗಲ ತೂತು ನೋಡಿ, ಎರಡು ಭಾಗ ಉಂಟಲ್ವಾ? ದೊಡ್ಡ ಭಾಗಕ್ಕೆ ಹಳೇ ಮೊಬೈಲಿನ ಮೈಕ್ರೋ ಯುಎಸ್‌ಬಿ ಕೇಬಲ್ ಸರಿಯಾಗಿ ಕೂರುತ್ತದೆ. ಯುಎಸ್‌ಬಿ 2ರ ಸ್ಪೀಡ್ ಮಾತ್ರ ಸಿಗುವುದು. ಬರೀ ಚಾರ್ಜ್ ಆಗುವ ಕೇಬಲ್ ಆಗುವುದಿಲ್ಲ, ಡೇಟಾ ಹೋಗುವಂಥದ್ದು ಬೇಕು. ಹಾಕುತ್ತೇನೆ ನೋಡಿ.

ಬಂತು! ಹೋಗಲಿಲ್ಲ! ಎಲ್ಲ ಫೋಲ್ಡರ್ ಇದೆ!

ತಪ್ಪು ಹಳೇ ಕೇಬಲಿನದ್ದು. ಅದರ ಪಿನ್ ನೋಡಿ, ಹಸಿರು ಕಿಲುಬು. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ, ಇನ್ನೇನಾಗಬೇಕು?

ಬೆಳಿಗ್ಗೆ ಇದೇ ಕ್ಯಾಮೆರಾ ಮುಂದೆ “ತಿರುಗುವ ಡಿಸ್ಕ್ ಇನ್ನು ಸಾಕು, ಎಸ್‌ಎಸ್‌ಡಿ ತಗೊಳ್ಳಿ” ಅಂದಿದ್ದೆ. ಈಗ ಹಾಗೆ ಹೇಳಲಾರೆ. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಡೇಟಾ ಇಡುವಂಥದ್ದು, ಎಡಿಟಿಂಗಿಗೆ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಕರೆಂಟ್ ಕೊಡದೆ ಕಪಾಟಿನಲ್ಲಿ ಇಟ್ಟರೆ ಅದರ ಡೇಟಾ ಹಾಳಾಗುವ ಸಾಧ್ಯತೆ ಉಂಟು. ಹಳೇ ಫುಟೇಜಿಗೆ ಇದೇ ಇರಲಿ, ಜೊತೆಗೆ ಇನ್ನೊಂದು ಡಿಸ್ಕಿನಲ್ಲೂ ಕಾಪಿ ಇರಲಿ.

ಕಾಪಿ ಶುರುವಾಗಿದೆ. ತುಂಬ ನಿಧಾನ, ರಾತ್ರಿಯಾಗುತ್ತದೆ ಅನ್ನಿಸುತ್ತದೆ. ಕ್ಯಾಮೆರಾ ಬ್ಯಾಟರಿ ಕೆಂಪಾಯಿತು, ಆಫ್ ಮಾಡುತ್ತೇನೆ. ಈ ಅಗಲ ಪಿನ್ನಿನ ಕೇಬಲ್ ಉಡುಪಿಯಲ್ಲಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ಹೇಳಿ, ನಾಳೆಯೇ ಹೋಗುತ್ತೇನೆ.