ತರಗೆಲೆಗೆ ಗಾಡಿಯಲ್ಲಿ ಜಾಗ ಇಲ್ಲ

ಬೆಳಗ್ಗೆ ಆರೂಮುಕ್ಕಾಲು. ದೂರದಲ್ಲಿ ಮೈಕಿನ ಸದ್ದು ಕೇಳ್ತಿದೆಯಲ್ಲ, ಅದರ ಹಿಂದೆ ಗುರ್ ಅನ್ನೋ ಕಸದ ಆಟೋ ಟಿಪ್ಪರ್? ಬೆಂಗಳೂರಿಗೆ ಬಂದ ಮೇಲೆ ನನ್ನ ಅಲಾರಂ ಇದೇ. ಗಾಡಿ ನಮ್ಮ ಗೇಟ್ ಮುಂದೆ ನಿಲ್ಲೋದು ಹೆಚ್ಚಂದ್ರೆ ನಲವತ್ತು ಸೆಕೆಂಡು. ಅಷ್ಟರೊಳಗೆ ಡಬ್ಬಗಳು ಕೈಯಲ್ಲಿರ್ಬೇಕು, ಚಪ್ಪಲಿ ಕಾಲಲ್ಲಿರ್ಬೇಕು. ನಾನು ಸಾಮಾನ್ಯವಾಗಿ ಬರಿಗಾಲಲ್ಲೇ ಓಡ್ತೀನಿ, ಈಗ ಕಾಣ್ತಿದೆಯಲ್ಲ, ಹಾಗೆ.

ಹಸಿರು ಡಬ್ಬದಲ್ಲಿ ಹಸಿ ಕಸ. ಕೆಂಪು ಡಬ್ಬದಲ್ಲಿ ಪ್ಯಾಡು, ಡೈಪರ್ರು, ಬ್ಯಾಂಡೇಜು. ಚೀಲದಲ್ಲಿ ಒಣ ಕಸ, ಅದು ದಿನಾ ಅಲ್ಲ, ವಾರಕ್ಕೆ ಎರಡು ಸಲ. ಎರಡು ಡಬ್ಬ, ಒಂದು ಚೀಲ ಅನ್ನೋ ಈ ಲೆಕ್ಕ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕೊಟ್ಟ ಆದೇಶದಿಂದ ಬಂದಿದ್ದು. ಅದಕ್ಕೂ ಮುಂಚೆ ಎಲ್ಲಾ ಒಂದೇ ಕವರ್ರು, ಗಂಟು ಹಾಕು, ಎಸಿ. ಆ ಕವರ್ರು ಹೋಗಿ ಗುಡ್ಡ ಆಗಿದ್ದು ಊರ ಹೊರಗಿನ ಹಳ್ಳಿಗಳಾದ ಮಾವಳ್ಳಿಪುರದಲ್ಲಿ, ಮಂಡೂರಲ್ಲಿ. ಅಲ್ಲಿನ ಜನ ನೊಣ, ನಾತ, ಕೆಟ್ಟ ನೀರು ಎಲ್ಲಾ ಅನುಭವಿಸಿ ಅನುಭವಿಸಿ ಕೊನೆಗೆ ಲಾರಿಗಳಿಗೆ ಅಡ್ಡ ನಿಂತ್ರು. 2012ರಲ್ಲಿ ಮಾವಳ್ಳಿಪುರ ಮುಚ್ಚಿತು, 2014ರ ಕೊನೆಗೆ ಮಂಡೂರಿಗೂ ಲಾರಿ ಹೋಗೋದು ನಿಂತಿತು. ನಾವು ಹಾಲಿನ ಕವರ್ ತೊಳೆದು ಒಣಗಿಸ್ತೀವಲ್ಲ, ಅದು ಅವರ ಗಲಾಟೆಯಿಂದ ಬಂದ ಬುದ್ಧಿ.

ಆದ್ರೆ ಇವತ್ತು ತೋರಿಸ್ಬೇಕು ಅಂತಿರೋದು ಈ ಮೂರರಲ್ಲಿ ಯಾವುದೂ ಅಲ್ಲ. ಕ್ಯಾಮೆರಾ ಸ್ವಲ್ಪ ಮೇಲೆ ಮಾಡ್ತೀನಿ, ನೋಡಿ.

ಇದು ನಮ್ಮ ಗೇಟಿನ ಪಕ್ಕದ ಹೊಂಗೆ ಮರ. ಫೆಬ್ರವರಿ ಬಂತು ಅಂದ್ರೆ ಎಲೆ ಉದುರೋದು ಶುರು. ರಾತ್ರಿ ಗುಡಿಸಿದ್ರೆ ಬೆಳಗ್ಗೆ ಮತ್ತೆ ಹಾಸಿಗೆ ಹಾಸಿದ ಹಾಗೆ ಇರತ್ತೆ. ಯುಗಾದಿ ಹೊತ್ತಿಗೆ ತಿಳಿ ಹಸಿರಿನ ಚಿಗುರು ಬಂದು ಬೀದಿಯೆಲ್ಲ ತಂಪಾಗತ್ತೆ, ಆಗ ಎಲ್ಲರಿಗೂ ಮರದ ಮೇಲೆ ಪ್ರೀತಿ. ಅದಕ್ಕೂ ಮುಂಚಿನ ಒಂದೂವರೆ ತಿಂಗಳು ಮಾತ್ರ ಬೈಗುಳ.

ಮೊದಲ ವರ್ಷ ನಾನು ಎಲೆ ಎಲ್ಲ ಗುಡಿಸಿ, ಮೂಟೆ ಕಟ್ಟಿ, ಗಾಡಿ ಬಂದಾಗ ಹೆಮ್ಮೆಯಿಂದ ಎತ್ತಿಕೊಟ್ಟೆ. ಗಾಡಿಯಣ್ಣ ಮೂಟೆ ನೋಡಿದ್ರು, ನನ್ನ ನೋಡಿದ್ರು. "ಸೊಪ್ಪು ಸದೆ ಎಲ್ಲಾ ತಗೊಳಲ್ಲ ಸಾರ್." ಇದು ಒಣಗಿದೆಯಲ್ಲ, ಒಣ ಕಸ ತಾನೇ ಅಂದೆ. "ಒಣಗಿದ್ದೆಲ್ಲ ಒಣ ಕಸ ಆಗಲ್ಲ ಸಾರ್." ಸರಿ, ಹಸಿ ಕಸಕ್ಕೆ ಹಾಕಿ ಅಂದೆ. ನಕ್ಕುಬಿಟ್ರು. ಅವರ ತಪ್ಪೇನೂ ಇಲ್ಲ. ಬೀದಿಯಲ್ಲಿ ಒಬ್ಬೊಬ್ಬರೂ ಒಂದು ಮೂಟೆ ಎಲೆ ಕೊಟ್ರೆ ಎರಡನೇ ತಿರುವಿಗೇ ಗಾಡಿ ತುಂಬಿಹೋಗತ್ತೆ. ತೂಕ ಇರಲ್ಲ, ಬರೀ ಗಾಳಿ. ಆಯುಧಪೂಜೆ ಮಾರನೇ ದಿನ ನಮ್ಮ ಸರ್ಕಲ್ಲಿನಲ್ಲಿ ಬಾಳೆಕಂದು, ಒಡೆದ ಬೂದುಗುಂಬಳ ರಾಶಿ ಬಿದ್ದಿರತ್ತಲ್ಲ, ಅದೂ ಇದೇ ಜಾತಿ. ಡಬ್ಬವೂ ಅಲ್ಲ, ಚೀಲವೂ ಅಲ್ಲ.

ಹಾಗಾದ್ರೆ ಎಲೆಯನ್ನ ಏನು ಮಾಡ್ಬೇಕು? ಘನತ್ಯಾಜ್ಯ ನಿಯಮದಲ್ಲಿ ಇದಕ್ಕೆ ಉತ್ತರ ಇದೆ. ತೋಟದ ಕಸವನ್ನ ನಿಮ್ಮ ಜಾಗದಲ್ಲೇ ಬೇರೆ ಇಟ್ಕೊಳ್ಳಿ, ಸ್ಥಳೀಯ ಸಂಸ್ಥೆ ಹೇಳಿದ ಹಾಗೆ ವಿಲೇವಾರಿ ಮಾಡಿ. ರಸ್ತೆಯಲ್ಲಿ ಸುಡೋ ಹಾಗಿಲ್ಲ. ಇದು ನನಗೆ ಗೊತ್ತಾಗಿದ್ದು ಸುಟ್ಟ ಮೇಲೆ. ಹೌದು, ಒಂದು ಸಂಜೆ ಮೂಲೆಯಲ್ಲಿ ಗುಡ್ಡೆ ಹಾಕಿ ಕಡ್ಡಿ ಗೀರಿದ್ದೆ. ಹೊಂಗೆ ಎಲೆ ಧಗಧಗ ಉರಿಯಲ್ಲ, ಹೊಗೆ ಬಿಡ್ತಾ ಕೂರತ್ತೆ. ಪಕ್ಕದ ಮನೆ ಅಜ್ಜ ಕೆಮ್ಮುತ್ತಾ ಗೇಟಿಗೆ ಬಂದು, ಏನೂ ಮಾತಾಡದೆ, ಒಂದು ಬಕೆಟ್ ನೀರು ಸುರಿದು ಒಳಗೆ ಹೋದ್ರು. ಆಮೇಲೆ ಎರಡು ವಾರ ನಾನು ಅವರ ಮುಖ ನೋಡಿಲ್ಲ.

ಆಯಿಗೆ, ಅಂದ್ರೆ ನಮ್ಮಮ್ಮನಿಗೆ, ಫೋನಲ್ಲಿ ಇದನ್ನ ಹೇಳಿದ್ದೇ ತಪ್ಪಾಯ್ತು. ನಮ್ಮದು ಶಿರಸಿ ಕಡೆ, ಅಡಿಕೆ ತೋಟ. ಅಲ್ಲಿ ತರಗೆಲೆಗೆ ದರಕು ಅಂತಾರೆ. ತೋಟಕ್ಕೆ ಸೊಪ್ಪು, ದರಕು ಬೇಕು ಅಂತಲೇ ಅದರ ಹಲವು ಪಟ್ಟು ಜಾಗ ಸೊಪ್ಪಿನ ಬೆಟ್ಟ ಅಂತ ಬಿಟ್ಟಿರ್ತಾರೆ, ಬ್ರಿಟಿಷರ ಕಾಲದಿಂದಲೂ ಅದಕ್ಕೆ ಕಾಗದಪತ್ರ ಇದೆ. ಬೇಸಿಗೆಯಲ್ಲಿ ದರಕು ಗುಡಿಸಿ, ಹೆಡಿಗೆಗಟ್ಟಲೆ ಹೊತ್ತು ತಂದು, ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಿ, ಆಮೇಲೆ ಗೊಬ್ಬರಗುಂಡಿಗೆ. ಪಕ್ಕದವರು ನಮ್ಮ ಬೆಟ್ಟದಲ್ಲಿ ದರಕು ಗುಡಿಸಿದ್ರು ಅಂತ ಮಾತು ಬಿಟ್ಟ ಮನೆಗಳಿವೆ ನಮ್ಮೂರಲ್ಲಿ. ಆಯಿ ಕೇಳಿದ್ದು ಇಷ್ಟೇ: "ದರಕಿಗೆ ಬೆಂಕಿ ಹಾಕ್ದ್ಯನೋ?" ಅಷ್ಟು ಬೇಜಾರಿನಲ್ಲಿ ಆಯಿ ಮಾತಾಡಿದ್ದು ನಾನು ಇಂಜಿನಿಯರಿಂಗ್‌ನಲ್ಲಿ ಎರಡು ಸಬ್ಜೆಕ್ಟ್ ಫೇಲಾದಾಗ.

ಇನ್ನೂ ನಾಚಿಕೆ ಆಗೋ ವಿಷಯ ಒಂದಿದೆ. ಅದೇ ವಾರ ನಾನು ಬಾಲ್ಕನಿಯಲ್ಲಿ ಹಸಿ ಕಸದಿಂದ ಗೊಬ್ಬರ ಮಾಡ್ತೀನಿ ಅಂತ ಹೊರಟು, ಆನ್‌ಲೈನಲ್ಲಿ ಕೊಕೊಪೀಟ್ ಇಟ್ಟಿಗೆ ತರಿಸಿದ್ದೆ. ಮುನ್ನೂರು ಚಿಲ್ಲರೆ ಕೊಟ್ಟು. ಅಡುಗೆಮನೆ ಕಸದಲ್ಲಿ ನೀರು ಜಾಸ್ತಿ, ಸಾರಜನಕ ಜಾಸ್ತಿ, ಹಾಗೇ ಬಿಟ್ರೆ ಕೊಳೆತು ನಾರತ್ತೆ, ಅದಕ್ಕೆ ಇಂಗಾಲ ಇರೋ ಒಣ ಪದಾರ್ಥ ಸೇರಿಸ್ಬೇಕು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ರೆ ಸೂಕ್ಷ್ಮಜೀವಿಗಳು ಖುಷಿಯಾಗಿ ಕೆಲಸ ಮಾಡ್ತವೆ. ಆ ಒಣ ಪದಾರ್ಥ ನನ್ನ ಗೇಟಿನ ಹೊರಗೆ ಮೊಣಕಾಲುದ್ದ ಬಿದ್ದಿತ್ತು. ನಾನು ಅದನ್ನ ಸುಟ್ಟು, ದುಡ್ಡು ಕೊಟ್ಟು ತೆಂಗಿನ ನಾರಿನ ಪುಡಿ ತರಿಸ್ತಿದ್ದೆ.

ಆಮೇಲೆ ಒಂದು ಭಾನುವಾರ ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋಗಿ ಬಂದೆ. ಪಾರ್ಕಿನ ಥರದ ಜಾಗ, ಬೇರೆ ಬೇರೆ ನಮೂನೆಯ ಕಾಂಪೋಸ್ಟರ್‌ಗಳನ್ನ ಸಾಲಾಗಿ ಇಟ್ಟಿದ್ದಾರೆ. ಎಲೆಗೆ ಅಂತ ಅಲ್ಲಿರೋದು ಏನು ಗೊತ್ತಾ? ಜಾಲರಿ. ಒಂದು ದೊಡ್ಡ ಪಂಜರ, ಅಷ್ಟೇ.

ಇದು ನನ್ನದು. ಕೋಳಿ ಜಾಲರಿ, ಮೂರಡಿ ಅಗಲ, ನಾಲ್ಕಡಿ ಎತ್ತರ, ಸುತ್ತಿ ತಂತಿ ಬಿಗಿದಿದ್ದು. ಮೊದಲು ಎಲೆ, ಮೇಲೆ ಒಂದಿಷ್ಟು ಹುಳಿ ಮಜ್ಜಿಗೆ ನೀರು, ಮತ್ತೆ ಎಲೆ, ಕಾಲಲ್ಲಿ ತುಳಿಯೋದು. ಒದ್ದೆ ಎಷ್ಟಿರ್ಬೇಕು ಅಂದ್ರೆ, ಹಿಂಡಿದ ಬಟ್ಟೆ ಥರ. ಮೊದಲ ವರ್ಷ ನೀರು ಹಾಕೋದು ಮರೆತೆ, ಮೂರು ತಿಂಗಳಾದ್ರೂ ಎಲೆ ಎಲೆಯಾಗೇ ಇತ್ತು, ಸುಮ್ನೆ ನನ್ನ ನೋಡ್ತಾ. ಈ ಸಲ ಎದೆ ಮಟ್ಟಕ್ಕಿದ್ದಿದ್ದು ಹದಿನೈದು ದಿನಕ್ಕೆ ಸೊಂಟದ ಮಟ್ಟಕ್ಕೆ ಇಳಿದಿದೆ. ಮೇಲೆ ಕೆದಕಿ ಕೈ ಇಟ್ರೆ ಬೆಚ್ಚಗಿದೆ. ಈ ಶಾಟ್‌ನಲ್ಲಿ ಹಬೆ ಕಾಣತ್ತೆ ಅಂದ್ಕೊಂಡಿದ್ದೆ, ಕಾಣ್ತಿಲ್ಲ, ನಂಬಿ.

ಅಡುಗೆಮನೆ ಡಬ್ಬಕ್ಕೂ ಇದರಿಂದಲೇ ಎಲೆ. ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಪುಡಿ ಮಾಡಿದ ತರಗೆಲೆ. ಕೊಕೊಪೀಟ್ ಇಟ್ಟಿಗೆ ಹಾಗೇ ಇದೆ, ಬಾಗಿಲು ಬಡಿಯದಿರೋಕೆ ಅಡ್ಡ ಇಡ್ತೀವಿ. ಪಕ್ಕದ ಮನೆ ಅಜ್ಜನೂ ಈಗ ಅವರ ಅಂಗಳದ ಮಾವಿನೆಲೆ ತಂದು ಸುರೀತಾರೆ. ಮಾತು ಈಗಲೂ ಕಡಿಮೆ.

ಈಗ ಉಳಿದಿರೋದು ಇದೊಂದು. ಹಿಂದಿನ ಮನೆಯ ತೆಂಗಿನ ಗರಿ, ನಮ್ಮ ಕಾಂಪೌಂಡಿಗೆ ಬಿದ್ದಿದ್ದು, ಮೂರನೇ ವಾರ. ಉದ್ದ ನನಗಿಂತ ಎರಡು ಪಟ್ಟು. ಪಂಜರಕ್ಕೆ ಹೋಗಲ್ಲ, ಗಾಡಿಯವರು ಮುಟ್ಟಲ್ಲ, ಗರಿಯ ಯಜಮಾನರು ಅದು ನಮ್ಮದಲ್ಲ ಅಂತಾರೆ. ಆಯಿ ವೀಡಿಯೋ ಕಾಲಲ್ಲಿ ನೋಡಿ, ಕಡ್ಡಿ ಸೀಳಿ ಪೊರಕೆ ಮಾಡು ಅಂದಳು. ನಿನ್ನೆ ಸಂಜೆಯಿಂದ ಕೂತು ಸೀಳ್ತಿದೀನಿ, ಬೆರಳಲ್ಲಿ ಬ್ಯಾಂಡೇಜ್ ನೋಡಿ, ನಾಳೆ ಇದು ಕೆಂಪು ಡಬ್ಬಕ್ಕೆ. ಇವತ್ತಿಗೆ ಹತ್ತೊಂಬತ್ತು ಕಡ್ಡಿ ಆಗಿದೆ. ಒಂದು ಪೊರಕೆಗೆ ಎಷ್ಟು ಬೇಕು ಅಂತ ಕೇಳೋಕೆ ಧೈರ್ಯ ಬರ್ತಿಲ್ಲ.