ಮಾಳಿಗೆಗೊಂದು ಮುಯ್ಯಿ

ಕೇಳುಗರಿಗೆ ನಮಸ್ಕಾರ.

ಹಂಪಿಯ ಎದುರು, ತುಂಗಭದ್ರೆಯ ಆಚೆ ದಂಡೆಯಲ್ಲಿರುವ ಆನೆಗೊಂದಿಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿದೆವು, ಪಂಪಾ ಸರೋವರದ ನೀರು ತಲೆಗೆ ಚಿಮುಕಿಸಿಕೊಂಡೆವು, ನವಬೃಂದಾವನದ ದರ್ಶನವಾಯಿತು ಎನ್ನುತ್ತಾರೆ. ಊರು ನೋಡಿದಿರಾ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಊರಲ್ಲಿ ಕಾರು ನಿಲ್ಲಿಸಿ ಚಹಾ ಕುಡಿದಿರುತ್ತಾರೆ, ಅಷ್ಟೆ.

ಕಳೆದ ಮಾಘ ಮಾಸದಲ್ಲಿ ನಾನು ಹದಿಮೂರು ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಕರೆದುಕೊಂಡು ಅದೇ ಊರಿಗೆ ಹೋದೆ. ಬೆಟ್ಟ ಹತ್ತಲಿಲ್ಲ, ಹೊಳೆ ದಾಟಲಿಲ್ಲ. ನಾಲ್ಕು ಮನೆ ನೋಡಿದೆವು. ಅರಸರ ಮನೆಗಳಲ್ಲ. ಒಲೆ ಉರಿಯುತ್ತಿದ್ದ, ಹಗ್ಗದ ಮೇಲೆ ಸೀರೆ ಒಣಗುತ್ತಿದ್ದ, ಮೂಲೆಯಲ್ಲಿ ಮೊಮ್ಮಕ್ಕಳ ಸೈಕಲ್ ಒರಗಿದ್ದ ಮನೆಗಳು. ಮೊದಲೇ ಹೋಗಿ ಮನೆಯವರನ್ನು ಕೇಳಿ ಒಪ್ಪಿಸಿ ಬಂದಿದ್ದೆ. ಆದರೂ ಮೂರನೆಯ ಮನೆಯ ಅಜ್ಜಿ ಬಾಗಿಲಲ್ಲೇ ನಿಂತು, ‘ಇದರಲ್ಲಿ ನೋಡುವುದೇನಿದೆಯಪ್ಪಾ, ಹೊಗೆ ಹಿಡಿದ ಗೋಡೆ’ ಎಂದರು. ಎಂದವರೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ರೇಡಿಯೋದಲ್ಲಿ ಮನೆ ತೋರಿಸುವುದು ಹೇಗೆ? ನನ್ನ ಜೊತೆ ಒಳಗೆ ಬನ್ನಿ. ತಲೆ ಬಗ್ಗಿಸಿ, ಬಾಗಿಲು ಗಿಡ್ಡ. ಹೊಸ್ತಿಲು ದಾಟಿದರೆ ಮೊದಲು ಸಿಗುವುದು ದನಗಳ ಜಾಗ. ನೆಲ ತಗ್ಗು, ಗೋಡೆಗೆ ಹೊಂದಿಕೊಂಡು ಮೇವು ಹಾಕುವ ಗೋದಲಿ. ಈಗ ಎಮ್ಮೆಗಳಿಲ್ಲ, ಗೋದಲಿಯಲ್ಲಿ ಖಾಲಿ ಗೊಬ್ಬರದ ಚೀಲಗಳು. ಅಲ್ಲಿಂದ ಎರಡು ಮೆಟ್ಟಿಲು ಮೇಲೆ ಪಡಸಾಲೆ. ನಾಲ್ಕು ಕಂಬ, ಕಂಬದ ತಲೆಗೆ ಕೆತ್ತಿದ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿಗಳು. ಗೋಡೆಯ ದಪ್ಪ ನನ್ನ ತೋಳಿನಷ್ಟು. ಹಾಗಾಗಿ ಗೋಡೆಯೊಳಗೇ ಗೂಡುಗಳಿವೆ, ಕಪಾಟಿನ ಅಗತ್ಯವಿಲ್ಲ. ಪಡಸಾಲೆಗೆ ಕಿಟಕಿಯಿಲ್ಲ. ಬೆಳಕೆಲ್ಲ ಮಾಳಿಗೆಯ, ಅಂದರೆ ಮಣ್ಣಿನ ಚಪ್ಪಟೆ ಸೂರಿನ, ನಡುವೆ ಇರುವ ಬೆಳಕಿಂಡಿಯಿಂದ ಬರಬೇಕು. ಅಜ್ಜಿಯ ಮನೆಯಲ್ಲಿ ಅಂಗೈ ಎರಡು ಜೋಡಿಸಿದಷ್ಟು ಬಿಸಿಲು ನೆಲದ ಮೇಲೆ ಬಿದ್ದಿತ್ತು. ಒಬ್ಬ ಹುಡುಗ ಮೊಬೈಲ್ ತೆಗೆದು ಗಂಟೆ ನೋಡಿದ. ಅಜ್ಜಿ ನೆಲ ನೋಡಿ, ‘ಬಿಸಿಲು ಬೀಸುವ ಕಲ್ಲಿನ ಹತ್ತಿರ ಬಂದಿದೆ, ಹನ್ನೊಂದೂವರೆ’ ಎಂದರು. ಮೊಬೈಲ್ ಹನ್ನೊಂದು ಮೂವತ್ತನಾಲ್ಕು ತೋರಿಸುತ್ತಿತ್ತು.

ಇದು ನಮ್ಮ ಕಡೆಯ ಮಾಳಿಗೆ ಮನೆ. ಮೇಲ್ಮುದ್ದೆ ಮನೆ ಎಂದೂ ಕರೆಯುತ್ತೇವೆ. ಮಳೆ ಕಡಿಮೆ, ಬಿಸಿಲು ವಿಪರೀತ, ಕಲ್ಲು ಬೇಕಾದಷ್ಟು, ಮರ ಅಪರೂಪ. ಈ ನಾಲ್ಕು ಸಂಗತಿ ಕೂಡಿದರೆ ಇಂಥದೇ ಮನೆ ಹುಟ್ಟಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿಯ ಹಳ್ಳಿಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹನಿಯತೊಡಗಿದರೆ ಮಾಳಿಗೆ ಹತ್ತಿ ಓಡಿ ಬೆಳಕಿಂಡಿಗೆ ಬಂಡೆ ಮುಚ್ಚುವ ಕೆಲಸ ಮನೆಯ ಕಿರಿಯರದು. ನಾನೂ ಓಡಿದ್ದೇನೆ. ಒಮ್ಮೆ ಓಡದೆ ಆಟದಲ್ಲಿ ಮೈಮರೆತು, ಅಕ್ಕಿ ಹಸನು ಮಾಡುತ್ತಿದ್ದ ಅತ್ತೆಯ ಮೊರಕ್ಕೆ ನೀರು ಬಿದ್ದು ಬೆನ್ನಿಗೆ ಗುದ್ದು ತಿಂದದ್ದೂ ಇದೆ.

ಮಾಳಿಗೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮನೆಯ ಜೀವ ಅಲ್ಲಿದೆ. ಜಂತಿಗಳ ಮೇಲೆ ಕಟ್ಟಿಗೆಯ ಸೀಳುಗಳನ್ನು ಒತ್ತಾಗಿ ಹಾಸುತ್ತಾರೆ. ಅದರ ಮೇಲೆ ಬೇವಿನ ಸೊಪ್ಪು, ಲಕ್ಕಿ ಗಿಡದ ಕಡ್ಡಿ; ಹುಳ ಹತ್ತಬಾರದು ಎಂದು. ಅದರ ಮೇಲೆ ಒಂದು ಗೇಣಿಗೂ ಮಿಕ್ಕಿ ಮಣ್ಣು. ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಬೆಳೆ ಬಾರದ ಬಿಳುಪು ನೆಲದಲ್ಲಿ ಸಿಗುವ ಈ ಮಣ್ಣು ರೈತನಿಗೆ ಶಾಪ, ಮಾಳಿಗೆಗೆ ವರ. ಸೋಡಿಯಂ ಹೆಚ್ಚಾಗಿರುವುದರಿಂದ ನೀರು ತಗುಲಿದೊಡನೆ ಅದರ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದ ಆ ಗುಣವೇ ಮಾಳಿಗೆಯ ಮೇಲೆ ನೀರು ಕೆಳಗಿಳಿಯಗೊಡುವುದಿಲ್ಲ. ಆದರೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಹೊಸ ಸವಳು ಹಾಕಿ ತುಳಿಯಬೇಕು. ಎರಡು ವರ್ಷ ತಪ್ಪಿಸಿದರೆ ಒಂದು ಮೂಲೆ ಸೋರುತ್ತದೆ, ಸೋರಿದ ಕಡೆ ಜಂತಿ ಕೊಳೆಯುತ್ತದೆ, ಜಂತಿ ಕುಸಿದರೆ ಮನೆಯ ಕಥೆ ಮುಗಿಯಿತು. ಸೋರುತ್ತದೆಂದು ಮೇಲೆ ಸಿಮೆಂಟು ಬಳಿಸುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಒಳಗೆ ಸಿಕ್ಕ ತೇವ ಹೊರಬರಲಾರದೆ ತೊಲೆಯನ್ನೇ ತಿನ್ನುತ್ತದೆ, ಹೊರಗಿನಿಂದ ಮಾತ್ರ ಎಲ್ಲವೂ ನೆಟ್ಟಗೆ ಕಾಣುತ್ತದೆ.

ಅಜ್ಜನ ಕಾಲದಿಂದ ಮೂರು ತಲೆಮಾರು ಬಾಳಿದ ಈ ಮನೆಗೆ ಸರ್ಕಾರಿ ಲೆಕ್ಕದಲ್ಲಿ ಹೆಸರೇನು ಗೊತ್ತೇ? ಕಚ್ಚಾ ಮನೆ. ಮಣ್ಣಿನ ಗೋಡೆ, ಮಣ್ಣಿನ ಸೂರು ಎಂದರೆ ಕಚ್ಚಾ. ಮೊನ್ನೆ ಎದ್ದು ನಾಳೆ ಬಿರುಕು ಬಿಡಲಿರುವ ಕಾಂಕ್ರೀಟ್ ಪೆಟ್ಟಿಗೆ ಪಕ್ಕಾ. ಬಡವರಿಗೆ ಗಟ್ಟಿ ಸೂರು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆಗೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಸಾಲು ಸಾಲು ಮಣ್ಣಿನ ಮನೆ ಬಿದ್ದದ್ದನ್ನು ನೋಡಿದವನು ನಾನು. ಮಣ್ಣಿನ ಮನೆಯ ಮಹಿಮೆಯನ್ನು ಹಾಡುವ ಮುನ್ನ ಆ ವಾರವನ್ನು ನೆನೆಯಬೇಕು. ಆದರೆ ಬಿದ್ದ ಮನೆಗೆ ದುಡ್ಡಿದೆ, ಹೊಸ ಮನೆಗೆ ದುಡ್ಡಿದೆ, ನಿಂತ ಮನೆಯ ಮಾಳಿಗೆಗೆ ಒಂದು ಬುಟ್ಟಿ ಮಣ್ಣು ಹಾಕಿಸಲು ಮಾತ್ರ ದುಡ್ಡಿಲ್ಲ ಎಂದರೆ ಹೇಗೆ?

ಹಂಪಿಯ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಆ ಪ್ರದೇಶಕ್ಕೆಂದೇ 2002ರ ಕಾಯ್ದೆ ಬಂತು, ಪ್ರಾಧಿಕಾರ ಬಂತು. ಆನೆಗೊಂದಿಯೂ ಅದರ ವ್ಯಾಪ್ತಿಯಲ್ಲಿದೆ. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಇವೆಲ್ಲ ‘ಮಾಡಬೇಡ’ ಎನ್ನುವ ಕಾನೂನುಗಳು, ಇರಬೇಕಾದವೇ. ಆದರೆ ಮನೆ ಉಳಿಯುವುದು ಯಾರಾದರೂ ಏನಾದರೂ ಮಾಡಿದಾಗ. ಬೀಗ ಹಾಕಿದ ಮಾಳಿಗೆ ಮನೆ ಮೂರು ಮಳೆಗಾಲ ತಡೆಯುವುದಿಲ್ಲ.

ಮನೆ ತೋರಿಸಿ ಮನೆ ಉಳಿಸಿಕೊಂಡವರು ಬೇರೆ ಕಡೆ ಇದ್ದಾರೆ. ಅಮೆರಿಕದ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ನ್ಯಾಚೆಜ್ ಎಂಬ ಊರು. 1931ರಲ್ಲಿ ಅಲ್ಲಿ ತೋಟಗಾರಿಕೆ ಸಂಘದ ಹೆಂಗಸರ ಸಮಾವೇಶ. ಹೊತ್ತಲ್ಲದ ಹೊತ್ತಿನಲ್ಲಿ ಬಿದ್ದ ಹಿಮಕ್ಕೆ ಹೂವೆಲ್ಲ ಕಮರಿಹೋದವು. ಬಂದ ಅತಿಥಿಗಳಿಗೆ ತೋರಿಸುವುದೇನು? ಹಳೆಯ ಮನೆಗಳ ಬಾಗಿಲು ತೆರೆದರು. ಬಂದವರು ತೋಟವನ್ನು ಮರೆತು ಮನೆಗಳಿಗೆ ಮಾರುಹೋದರು. ಮರುವರ್ಷ, 1932ರಿಂದ, ಅದು ಪ್ರತಿ ವಸಂತದ ಹಬ್ಬವೇ ಆಯಿತು. ಟಿಕೆಟ್ಟಿನ ಹಣ ಸೋರುವ ಸೂರುಗಳ ದುರಸ್ತಿಗೆ ಹೋಯಿತು.

ಈ ಕಥೆ ಕೇಳಲು ಚೆನ್ನ. ಆದರೆ ಅವು ಹತ್ತಿಯ ದುಡ್ಡಿನ ಮನೆಗಳು, ಆ ಹತ್ತಿಯನ್ನು ಬಿಡಿಸಿದವರು ಗುಲಾಮರು. ಅದೇ ಊರಿನ ಅಂಚಿನಲ್ಲಿ ಮನುಷ್ಯರನ್ನು ಮಾರುವ ದೊಡ್ಡ ಸಂತೆಯೇ ಇತ್ತು. ಬಹಳ ವರ್ಷ ಅತಿಥಿಗಳಿಗೆ ಗಾಜಿನ ದೀಪ ತೋರಿಸಿದರು, ದೀಪ ಒರೆಸಿದವರ ಮಾತೆತ್ತಲಿಲ್ಲ. ಇದು ದೂರದ ಸಂಗತಿ ಎಂದುಕೊಳ್ಳಬೇಡಿ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡು, ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಧಾರವಾಡ, ಬಳ್ಳಾರಿ ಕಡೆಯ ಎರೆಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಇಳಿಯಿತು. ನಡುವಿನ ನಾಲ್ಕು ವರ್ಷದ ಲಾಭ ನಮ್ಮ ಕಡೆಯ ಯಾವ ಯಾವ ಸಾವಕಾರರ ಮನೆಯ ತೊಲೆಯಾಯಿತೋ, ಯಾವ ವಾಡೆಯ ಬಾಗಿಲ ಹಿತ್ತಾಳೆ ಮೊಳೆಯಾಯಿತೋ! ಆ ತೊಲೆಯನ್ನು ಹೆಗಲ ಮೇಲೆ ಹೊತ್ತು ತಂದವರ ಮನೆ ಅಗಸಿಯ, ಅಂದರೆ ಊರಬಾಗಿಲಿನ, ಹೊರಗಿನ ಕೇರಿಯಲ್ಲಿತ್ತು. ನಾನು ನಾಲ್ಕನೆಯದಾಗಿ ತೋರಿಸಿದ್ದು ಅಂಥ ಕೇರಿಯ ಒಂದು ಮನೆಯನ್ನು. ಒಂದೇ ಅಂಕಣ, ಬೋದಿಗೆಗೆ ಕೆತ್ತನೆಯಿಲ್ಲ, ಆದರೆ ಗೋಡೆಯ ಮೇಲಿನ ಸುಣ್ಣ ಕೆಮ್ಮಣ್ಣಿನ ಪಟ್ಟಿ ನಾಲ್ಕೂ ಮನೆಗಳಲ್ಲಿ ಅತ್ಯಂತ ಅಚ್ಚುಕಟ್ಟು. ವಾಡೆಯ ಬಾಗಿಲಲ್ಲಿ ಫೋಟೊ ತೆಗೆಸಿಕೊಳ್ಳುವ ಪ್ರವಾಸ ಮಾಡುವುದಾದರೆ ನನ್ನನ್ನು ಕರೆಯಬೇಡಿ.

ನಮ್ಮ ದೇಶದಲ್ಲೂ ಇಲ್ಲದಿಲ್ಲ. ಅಹಮದಾಬಾದಿನಲ್ಲಿ 1997ರ ನವೆಂಬರಿನಿಂದ ಪೋಳ ಎಂಬ ಹಳೆಯ ಕೇರಿಗಳ ಓಣಿಗಳಲ್ಲಿ ಬೆಳಗಿನ ನಡಿಗೆ ನಡೆಯುತ್ತಿದೆ. 2017ರಲ್ಲಿ ಆ ಹಳೆಯ ಊರೇ ವಿಶ್ವ ಪರಂಪರೆಯ ನಗರವಾಯಿತು. ಆನೆಗೊಂದಿಯಲ್ಲೇ 1997ರಿಂದ ಕಿಷ್ಕಿಂಧಾ ಟ್ರಸ್ಟ್ ಕೆಲಸ ಮಾಡುತ್ತಿದೆ. ಹಳೆಯ ಮನೆಗಳನ್ನು ದುರಸ್ತಿ ಮಾಡಿ ಅತಿಥಿಗಳು ಇಳಿದುಕೊಳ್ಳುವಂತೆ ಮಾಡಿದ್ದಾರೆ, ಬಾಳೆನಾರಿನ ಕೆಲಸದಿಂದ ಊರಿನ ಹೆಂಗಸರ ಕೈಗೆ ಕಾಸು ಬಂದಿದೆ.

ಮನೆಗಳು ಮಳೆಯಿಂದ ಮಾತ್ರ ಬೀಳುವುದಿಲ್ಲ. ಕುಷ್ಟಗಿ ತಾಲ್ಲೂಕಿನಲ್ಲಿದ್ದ ನನ್ನ ತಾಯಿಯ ತವರುಮನೆಗೆ ಆರು ಕಂಬದ ಪಡಸಾಲೆ ಇತ್ತು. ಸೋದರಮಾವಂದಿರು ಇಬ್ಬರು ಬೇರೆಯಾದರು. ಹಗ್ಗ ಹಿಡಿದು ಅಳೆದಾಗ ಪಾಲಿನ ಗೆರೆ ಸರಿಯಾಗಿ ಒಂದು ಕಂಬದ ನಡುವೆ ಹಾದುಹೋಯಿತು. ಕಂಬವನ್ನು ನುಂಗಿಕೊಂಡೇ ಗೋಡೆ ಎದ್ದಿತು. ಆ ಕಡೆ ಅರ್ಧ ಬೋದಿಗೆ, ಈ ಕಡೆ ಅರ್ಧ. ಬೆಳಕಿಂಡಿ ಹಿರಿಯ ಮಾವನ ಪಾಲಿಗೆ ಹೋಯಿತು. ಕಿರಿಯ ಮಾವನ ಮನೆಯಲ್ಲಿ ಹಗಲಲ್ಲೇ ದೀಪ ಉರಿಯತೊಡಗಿತು. ಮಾಳಿಗೆಗೆ ಮಣ್ಣು ಹಾಕುವಾಗ ಇಬ್ಬರೂ ತಮ್ಮ ಅರ್ಧಕ್ಕೆ ಮಾತ್ರ ಹಾಕಿದರು. ನಡುವಿನ ಗೆರೆಯಲ್ಲಿ ಸೋರಿತು. ಕೊನೆಗೆ ಹಳೆಯ ತೊಲೆ ಬಾಗಿಲು ಕೊಳ್ಳುವವರು ಲಾರಿ ತಂದರು. ಗೋಡೆ ಒಡೆದು ಆ ಕಂಬವನ್ನು ಹೊರಗೆಳೆದಾಗ ಇಬ್ಬರು ಮಾವಂದಿರೂ ಅಲ್ಲಿ ನಿಂತಿದ್ದರಂತೆ, ಎದುರುಬದುರು, ಬಹಳ ವರ್ಷಗಳ ಮೇಲೆ.

ಮರಳಿ ಆನೆಗೊಂದಿಯ ಅಜ್ಜಿಯ ಮನೆಗೆ ಬರೋಣ. ನೋಡುವುದು ಮುಗಿಯಿತು. ಕಾಳು ತುಂಬಿಡುವ ನೆಲಗುಳಿ, ಹಗೇವಿನ, ಬಾಯಿ ಮುಚ್ಚಿದ್ದ ಬಂಡೆಯನ್ನೂ ಸರಿಸಿ ತೋರಿಸಿದ್ದರು. ಬಚ್ಚಲ ಕಡೆ ಮಾತ್ರ ಯಾರನ್ನೂ ಬಿಡಲಿಲ್ಲ. ಎಲ್ಲರಿಗೂ ನೀರು, ಬೆಲ್ಲ ಆಯಿತು. ತಲೆಗೆ ನೂರು ರೂಪಾಯಿಯಂತೆ ಕೂಡಿಸಿದ್ದ ಹಣವನ್ನು ನಾನು ಲಕೋಟೆಯಲ್ಲಿಟ್ಟು ಕೊಡಲು ಹೋದೆ. ಅಜ್ಜಿ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡರು. ‘ಮನೆಗೆ ಬಂದವರ ಹತ್ತಿರ ದುಡ್ಡು ತೆಗೆದುಕೊಂಡರೆ ಓಣಿಯವರು ಏನೆಂದಾರು?’

ನಾನು ಓದಿದ ಹೊರಗಿನ ಉದಾಹರಣೆಗಳೆಲ್ಲ ಅಲ್ಲಿಗೆ ಮುಗ್ಗರಿಸಿದವು. ಟಿಕೆಟ್ಟು ಎಂಬುದು ನಮ್ಮ ಹೊಸ್ತಿಲು ದಾಟುವುದಿಲ್ಲ. ಗುಡಿಯ ಹುಂಡಿಗೆ ಹಾಕಿಸಿಕೊಳ್ಳುತ್ತೇವೆ, ಮದುವೆಯಲ್ಲಿ ಮುಯ್ಯಿ ಓದಿಸಿಕೊಳ್ಳುತ್ತೇವೆ, ಆದರೆ ಪಡಸಾಲೆಗೆ ಬಂದವರಿಂದ ಕಾಸು ಮುಟ್ಟುವುದಿಲ್ಲ. ಆಗ ಅಜ್ಜಿಯೇ ದಾರಿ ತೋರಿಸಿದರು. ಹಿಂದೆಲ್ಲ ಮಾಳಿಗೆಗೆ ಮಣ್ಣು ಹಾಕುವ ದಿನ ಓಣಿಯ ಹತ್ತು ಮನೆಯವರು ಮುಯ್ಯಾಳಾಗಿ ಬರುತ್ತಿದ್ದರಂತೆ. ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು. ಕೂಲಿಯ ಮಾತಿಲ್ಲ, ಮಧ್ಯಾಹ್ನ ರೊಟ್ಟಿ, ಕಾಳುಪಲ್ಯ. ಈಗ ಹತ್ತರಲ್ಲಿ ಎಂಟು ಮನೆ ಕಾಂಕ್ರೀಟ್ ಆಗಿವೆ. ಅವರಿಗೆ ಮುಯ್ಯಾಳು ಬೇಕಾಗಿಲ್ಲ, ಇವರಿಗೆ ಬರುವವರಿಲ್ಲ. ‘ದುಡ್ಡು ಬೇಡ. ರೋಹಿಣಿ ಮಳೆಗೆ ಮುಂಚೆ ಒಂದು ಟ್ರ್ಯಾಕ್ಟರ್ ಸವಳು ಹಾಕಿಸಿ, ಬೇಕಿದ್ದರೆ’ ಎಂದರು.

ಮೇ ತಿಂಗಳ ಮೂರನೆಯ ವಾರ ಹೋದೆವು. ಹದಿಮೂರರಲ್ಲಿ ಬಂದವರು ಏಳು ಮಂದಿ. ಉಳಿದವರಿಗೆ ಪರೀಕ್ಷೆ ಎಂದರು, ಇರಲಿ. ಕೂಡಿಸಿದ ಹಣಕ್ಕೆ ನಾನೊಂದಿಷ್ಟು ಸೇರಿಸಿ ಮಣ್ಣು ತರಿಸಿದ್ದೆ. ಬೆಳಗ್ಗೆ ಆರಕ್ಕೆ ಶುರು. ಏಣಿಯ ಮೇಲೆ ಒಬ್ಬರ ಕೈಯಿಂದ ಒಬ್ಬರಿಗೆ ಬುಟ್ಟಿ ದಾಟಿಸಿದೆವು. ಮೇಲೆ ಹರಡಿದ್ದು ಎಪ್ಪತ್ತು ದಾಟಿದ ಒಬ್ಬ ಯಜಮಾನರು. ಇಳಿಜಾರು ಮಳೆನೀರು ಹೊರಬೀಳುವ ದೋಣಿಯ ಕಡೆಗೇ ಇರಬೇಕು ಎಂದು ಕಣ್ಣಳತೆಯಲ್ಲೇ ತಿದ್ದುತ್ತಿದ್ದರು. ಹುಡುಗರು ಎಲ್ಲ ಕಡೆ ಸಮ ಹರಡಿದ್ದನ್ನು ನೋಡಿ, ‘ಇದೇನು ಕಬಡ್ಡಿ ಮೈದಾನವೇ?’ ಎಂದು ಮತ್ತೆ ಗೋರಿಸಿದರು. ಮಾಳಿಗೆಯಂಚಿನ ಗಿಡ್ಡ ಗೋಡೆ, ಕುಂಬಿಯ, ಬುಡಕ್ಕೆ ಮಣ್ಣು ಒತ್ತಿ ಕೂರಿಸುವುದನ್ನು ಇಬ್ಬರು ಹುಡುಗಿಯರಿಗೆ ಮೂರು ಸಲ ಮಾಡಿಸಿ ಕಲಿಸಿದರು. ಹತ್ತು ಗಂಟೆಯ ಹೊತ್ತಿಗೆ ಮಾಳಿಗೆ ಕಾಲಿಡಲಾಗದಷ್ಟು ಕಾದಿತ್ತು. ಇಳಿದು ಪಡಸಾಲೆಗೆ ಬಂದರೆ ಫ್ಯಾನಿಲ್ಲದೆ ತಂಪು.

ಊಟದ ಮೇಲೆ ಅಜ್ಜಿ ಗೂಡಿನಿಂದ ಒಂದು ಹಳೆಯ ನೋಟುಪುಸ್ತಕ ತೆಗೆದರು. ಮಗಳ ಮದುವೆಯ ಮುಯ್ಯಿ ಪಟ್ಟಿಯದು. ಕೊನೆಯ ಹಾಳೆಯಲ್ಲಿ ನಮ್ಮ ಹುಡುಗಿಯೊಬ್ಬಳ ಕೈಯಿಂದ ಬರೆಸಿದರು: ಮಣ್ಣು ಒಂದು ಟ್ರ್ಯಾಕ್ಟರ್, ಆಳು ಎಂಟು. ನನ್ನನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಬರೆಸಿ, ನನ್ನ ಕಡೆ ತಿರುಗಿ, ‘ನಿಮ್ಮ ಮಾಳಿಗೆಗೆ ಮಣ್ಣು ಹಾಕುವುದು ಯಾವಾಗ? ಮೊಮ್ಮಗನನ್ನು ಕಳಿಸುತ್ತೇನೆ’ ಎಂದರು.

ನಾನಿರುವುದು ಬಳ್ಳಾರಿಯಲ್ಲಿ, ಮೂರನೆಯ ಅಂತಸ್ತಿನ ಬಾಡಿಗೆ ಮನೆ, ಮೇಲೆ ಇನ್ನೊಬ್ಬರ ಸಂಸಾರ. ಹಾಗೆಂದು ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. ಒಳಗೆ ಹೋಗಿ ಎರಡು ಚಿಪ್ಪು ಬಾಳೆಹಣ್ಣು ತಂದು ನನ್ನ ಚೀಲಕ್ಕೆ ಹಾಕಿ, ‘ಇದು ಮುಯ್ಯಿಗಲ್ಲ, ಅದು ಬಾಕಿಯೇ ಇದೆ’ ಎಂದರು.

ನಮಸ್ಕಾರ.