ಲೈನ್ ಇಲ್ಲದ ಮಲೆನಾಡ ಮನೆಗೆ ಕರೆಂಟು, ಬಿಸಿನೀರು: ಪ್ಲಾನ್ ಮಾಡುವುದು ಹೇಗೆ?

[ತೆರೆಯಲ್ಲಿ: ಜುಲೈ ಮಳೆ. ಹಂಚಿನ ಮಾಡಿನ ಮೇಲೆ ಸೋಲಾರ್ ಪ್ಯಾನಲ್, ಹಿಂದೆ ಬಚ್ಚಲ ಮನೆಯ ಹೊಗೆ]

ನಮಸ್ಕಾರ. ಕರೆಂಟು ಕಂಬ ತಲುಪದ ಮನೆಗಳು ಮಲೆನಾಡಿನಲ್ಲಿ ಇನ್ನೂ ಇವೆ. ಕಂಬ ಇದ್ದರೂ, ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕಾಯುವ ಮನೆಗಳು ಬೇಕಾದಷ್ಟಿವೆ. ಇಂಥ ಕಡೆ ಐದು ಜನರ ಒಂದು ಸಣ್ಣ ಮನೆ ಅಂದುಕೊಳ್ಳಿ. ಅದಕ್ಕೆ ವರ್ಷವಿಡೀ ಬೆಳಕು, ಬಿಸಿನೀರು, ಅಡುಗೆಗೆ ಬೆಂಕಿ ಎಲ್ಲವೂ ಅಲ್ಲೇ ಹುಟ್ಟಬೇಕು. ಅದರ ಲೆಕ್ಕವನ್ನು ಇವತ್ತು ಒಟ್ಟಿಗೆ ಹಾಕೋಣ.

ಎಲ್ಲರೂ ಮೊದಲು ಕೇಳುವುದು "ಎಷ್ಟು ಕಿಲೋವ್ಯಾಟ್ ಪ್ಯಾನಲ್ ಹಾಕಿಸಬೇಕು?" ಅಂತ. ಅದಕ್ಕೆ ಉತ್ತರ ಕೊನೆಯಲ್ಲಿ ಸಿಗುತ್ತದೆ. ಅದಕ್ಕಿಂತ ಮೊದಲು ಎರಡು ವಿಷಯ ಗೊತ್ತಾಗಬೇಕು. ನಿಮ್ಮ ಮನೆಗೆ ಬೇಕಾದದ್ದರಲ್ಲಿ ಶಾಖ ಎಷ್ಟು, ಕರೆಂಟು ಎಷ್ಟು? ಮತ್ತು ಜೂನ್ ತಿಂಗಳಲ್ಲಿ ನಿಮ್ಮ ಜಾಗದಲ್ಲಿ ಏನು ಸಿಗುತ್ತದೆ?

ಶಾಖದಿಂದಲೇ ಶುರು ಮಾಡೋಣ. 100 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು ಮೂರೂವರೆ ಯೂನಿಟ್ ಬೇಕು. ಸಾವಿರ ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್. ಯಾವ ಕಂಪನಿಯ ಗೀಸರ್ ತಂದರೂ ಇದು ಕಡಿಮೆ ಆಗುವುದಿಲ್ಲ. ನೀರಿನ ಗುಣವೇ ಅಷ್ಟು. ಮಳೆಗಾಲದಲ್ಲಿ ತೋಟದಿಂದ ನೆನೆದು ಬಂದ ಐದು ಜನರಿಗೆ ಈ 100 ಲೀಟರ್ ಹೆಚ್ಚೇನೂ ಅಲ್ಲ.

[ತೆರೆಯಲ್ಲಿ: ಮನೆಯ ಕರೆಂಟು ಲೆಕ್ಕ, ಒಂದೊಂದೇ ಸಾಲಾಗಿ]

ಈಗ ಉಳಿದದ್ದನ್ನು ನೋಡಿ. 9 ವ್ಯಾಟ್‌ನ ಆರು ಬಲ್ಬು ನಾಲ್ಕು ಗಂಟೆ ಉರಿದರೆ 0.2 ಯೂನಿಟ್. ಸಣ್ಣ ಟಿವಿ ಮೂರು ಗಂಟೆಗೆ 0.15. ಮಿಕ್ಸಿ ಕಾಲು ಗಂಟೆಗೆ ಅಷ್ಟೇ. ವೈಫೈ ಪೆಟ್ಟಿಗೆ ಬರೀ 10 ವ್ಯಾಟ್, ಆದರೆ ಹಗಲೂ ರಾತ್ರಿ ಉರಿಯುವುದರಿಂದ ದಿನಕ್ಕೆ 0.24. ಅಂದರೆ ಮನೆಯ ಎಲ್ಲಾ ಬಲ್ಬುಗಳಿಗಿಂತ ಜಾಸ್ತಿ! ಮಲಗುವಾಗ ಅದನ್ನು ಆರಿಸಿ. ಸಣ್ಣ ಫ್ರಿಜ್‌ಗೆ 0.7 ಇಟ್ಟುಕೊಳ್ಳೋಣ. ಮೊಬೈಲ್ ಚಾರ್ಜ್ ಎಲ್ಲಾ ಸೇರಿ ಒಂದೂವರೆ ಯೂನಿಟ್ ಆಯಿತು. ಬೇಸಿಗೆಯಲ್ಲಿ ಫ್ಯಾನ್ ಸೇರಿದರೆ ಎರಡು. ಫ್ಯಾನ್ ಕೊಳ್ಳುವಾಗ ಬಿಎಲ್‌ಡಿಸಿ ಮೋಟರಿನದನ್ನೇ ಕೊಳ್ಳಿ. ಹಳೆಯ ಫ್ಯಾನ್ 75 ವ್ಯಾಟ್ ತಿನ್ನುವ ಕಡೆ ಇದು 30ರಲ್ಲಿ ಮುಗಿಸುತ್ತದೆ.

ಅಂದರೆ ಇಡೀ ಮನೆಗೆ ಎರಡು ಯೂನಿಟ್, ಸ್ನಾನದ ನೀರಿಗೊಂದಕ್ಕೇ ಮೂರೂವರೆ. ಲೈನ್ ಇಲ್ಲದ ಮನೆಯ ಪ್ಲಾನ್ ನಿಲ್ಲುವುದು ಬೀಳುವುದು ಇಲ್ಲೇ. ಬಚ್ಚಲನ್ನೂ ಅಡುಗೆಯನ್ನೂ ಬ್ಯಾಟರಿಯ ಮೇಲೆ ಹೊರಿಸಿದರೆ ಪ್ಯಾನಲ್, ಬ್ಯಾಟರಿ, ಇನ್ವರ್ಟರ್ ಎಲ್ಲವೂ ಮೂರು ಪಟ್ಟು ದೊಡ್ಡದಾಗುತ್ತವೆ. ಬ್ಯಾಟರಿಯಿಂದ ನೀರು ಕಾಯಿಸಬೇಡಿ. ಕರೆಂಟಿನಿಂದಲೇ ಕಾಯಿಸುವ ಒಂದು ಒಳ್ಳೆಯ ದಾರಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಲೆನಾಡಿನಲ್ಲಿ ನೀರು ಕಾಯುವುದು ಹಂಡೆಯಲ್ಲಿ. ಅಡಿಕೆ ಸೋಗೆ, ತೆಂಗಿನ ಗರಿ, ಚಿಪ್ಪು, ಒಣಗಿದ ರೆಂಬೆ ಏನಿದ್ದರೂ ಉರಿಯುತ್ತದೆ. ಇದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ತೋಟದಲ್ಲೇ ಬೆಳೆದು ತೋಟದಲ್ಲೇ ಬಿದ್ದ ಉರುವಲು ಅದು. ತೊಂದರೆ ಇರುವುದು ಒಲೆಯಲ್ಲಿ. ಒಂದು ಕಿಲೋ ಒಣ ಸೌದೆಯಲ್ಲಿ ನಾಲ್ಕು ಯೂನಿಟ್‌ಗಿಂತ ಜಾಸ್ತಿ ಶಾಖ ಇದೆ. ಬಾಯಿ ತೆರೆದ ಒಲೆಯಲ್ಲಿ ಅದರ ಬಹುಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರು ಹುಟ್ಟುಹಾಕಿದ 'ಅಸ್ತ್ರ' ಕೇಂದ್ರ ಈ ಒಲೆಯ ವಿಷಯವನ್ನೇ ಕೈಗೆತ್ತಿಕೊಂಡಿತ್ತು. ಅಸ್ತ್ರ ಒಲೆ ಅಂತ ನಮ್ಮ ಹಿರಿಯರಿಗೆಲ್ಲ ಗೊತ್ತು. ಅದರ ಗುಟ್ಟು ಇಷ್ಟೇ: ಗಾಳಿ ಕೆಳಗಿನ ಜಾಲರಿಯಿಂದ ಬರಬೇಕು, ಬೆಂಕಿ ಪಾತ್ರೆಯ ತಳವನ್ನು ಸವರಿಕೊಂಡೇ ಹೋಗಬೇಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗಬೇಕು. ಹಂಡೆಗೂ ಇದೇ ನಿಯಮ. ಹಂಡೆಯ ಸುತ್ತ ಬೆಂಕಿ ಸುತ್ತಿ ಬರುವಷ್ಟು ಸಣ್ಣ ಸಂದು ಬಿಟ್ಟು ಕಟ್ಟಿಸಿ. ಸೌದೆ ಉಳಿಯುತ್ತದೆ. ಅದಕ್ಕಿಂತ ದೊಡ್ಡದು, ಒಲೆ ಮುಂದೆ ಕೂರುವ ಅಮ್ಮನ ಶ್ವಾಸಕೋಶ ಉಳಿಯುತ್ತದೆ.

ಸೌದೆ ಏಪ್ರಿಲ್ ಒಳಗೆ ಸೂರಿನಡಿ ಬಂದಿರಬೇಕು. ಹಸಿ ಸೌದೆ ತನ್ನ ನೀರನ್ನು ತಾನೇ ಕುದಿಸಿಕೊಳ್ಳಲು ಬೆಂಕಿಯ ಒಂದು ಪಾಲು ಕಳೆಯುತ್ತದೆ.

[ತೆರೆಯಲ್ಲಿ: ಬೇಸಿಗೆಯ ಬಿಸಿಲು, ಮಾಡಿನ ಮೇಲೆ ಸೋಲಾರ್ ವಾಟರ್ ಹೀಟರ್]

ನವೆಂಬರಿನಿಂದ ಮೇವರೆಗೆ ಸೌದೆಯೂ ಅಷ್ಟಾಗಿ ಬೇಡ. 100 ಲೀಟರಿನ ಸೋಲಾರ್ ವಾಟರ್ ಹೀಟರ್ ಸಾಕು. ಎರಡು ಚದರ ಮೀಟರ್ ಬಿಸಿಲು ಬೀಳುವ ಜಾಗ, ಮೇಲೆ ತೊಟ್ಟಿ, ಅಷ್ಟೇ. ಬಿಸಿಯಾದ ನೀರು ತಾನಾಗಿಯೇ ಮೇಲೇರುತ್ತದೆ, ಪಂಪೂ ಬೇಡ. ಬೆಟ್ಟದಿಂದ ತಾನಾಗಿ ಇಳಿದು ಅಬ್ಬಿ ನೀರು ಬರುವ ಮನೆಯಾದರೆ ಇನ್ನೂ ಸುಲಭ.

ಕರೆಂಟಿಗೆ ಬರೋಣ. ಬಿಸಿಲಿರುವ ದಿನ 1 ಕಿಲೋವ್ಯಾಟ್ ಪ್ಯಾನಲ್ ನಾಲ್ಕು ಯೂನಿಟ್ ಕೊಡುತ್ತದೆ. ಎರಡು ಯೂನಿಟ್ ಮನೆಗೆ ಇದು ಧಾರಾಳ. ಆದರೆ ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಡಿಮಳೆಯ ದಿನ ಅದೇ ಪ್ಯಾನಲ್ ಒಂದು ಯೂನಿಟ್ ಕೊಟ್ಟರೆ ಹೆಚ್ಚು. ಸುತ್ತ ಮರ ಇದ್ದರೆ ಅದೂ ಇಲ್ಲ. ಪ್ಯಾನಲಿನ ಒಂದು ಮೂಲೆಯ ಮೇಲೆ ಬೀಳುವ ಸಣ್ಣ ನೆರಳೂ ಇಡೀ ಸಾಲಿನ ಕರೆಂಟನ್ನು ತಗ್ಗಿಸುತ್ತದೆ. ಹಾಗಾಗಿ ಮಾಡಿನ ಮೇಲೇ ಇಡಬೇಕು ಅಂತ ಹಟ ಬೇಡ. ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಿ ಒಳ್ಳೆಯ ಬಿಸಿಲಿರುತ್ತದೆ ಅಲ್ವಾ? ಅಲ್ಲಿ ಕಂಬ ನೆಟ್ಟು ದಕ್ಷಿಣಕ್ಕೆ ಮುಖ ಮಾಡಿಸಿ. 15 ಡಿಗ್ರಿ ವಾಲು ಸಾಕು. ಅದಕ್ಕಿಂತ ಮಲಗಿಸಿದರೆ ಎಲೆ ಜಾರುವುದಿಲ್ಲ, ಕೆಳ ಅಂಚಿನಲ್ಲಿ ಪಾಚಿ ಕಟ್ಟುತ್ತದೆ.

ಸೂರ್ಯ ಕೈಬಿಡುವ ಆ ನಾಲ್ಕು ತಿಂಗಳೇ ನಿಮ್ಮ ಮನೆ ಹಿಂದಿನ ಹಳ್ಳ ತುಂಬಿ ಹರಿಯುವ ತಿಂಗಳುಗಳು. ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾಗುವುದು ಇದೇ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಘಟ್ಟದ ಕೆಳಗಿನ ಬೆಳ್ತಂಗಡಿ ಕಡೆಯೂ ನೂರಾರು ಮನೆಗಳವರು ತಮ್ಮ ಹಳ್ಳದಿಂದಲೇ ಕರೆಂಟು ತೆಗೆದಿದ್ದಾರೆ. ಪೈಪಿನಲ್ಲಿ ಇಳಿದ ನೀರು ಟರ್ಬೈನಿನ ಚಕ್ರ ತಿರುಗಿಸಿ ಕರೆಂಟು ಮಾಡುವ ಇದಕ್ಕೆ ಪಿಕೋ ಹೈಡ್ರೋ ಅನ್ನುತ್ತಾರೆ.

[ತೆರೆಯಲ್ಲಿ: ಲೀಟರ್ × ಮೀಟರ್ × 5 = ವ್ಯಾಟ್]

ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ ಇಳಿಯುತ್ತದೆ. ಎರಡನ್ನೂ ಗುಣಿಸಿ, ಮತ್ತೆ ಐದರಿಂದ ಗುಣಿಸಿ. ಅಷ್ಟು ವ್ಯಾಟ್. ಗುರುತ್ವದ ಲೆಕ್ಕದಲ್ಲಿ ಹತ್ತು ಬರಬೇಕು, ಸಣ್ಣ ಟರ್ಬೈನು ಜನರೇಟರಿನಲ್ಲಿ ಅರ್ಧ ಹೋಗುತ್ತದೆ, ಅದಕ್ಕೇ ಐದು. ನೀರು ಅಳೆಯಲು 20 ಲೀಟರಿನ ಕೊಡಪಾನ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಐದು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 4 ಲೀಟರ್. ಎತ್ತರಕ್ಕೆ ಗಾರೆಯವರ ಲೆವೆಲ್ ಪೈಪ್ ಹಿಡಿದು ಹಂತ ಹಂತವಾಗಿ ಇಳಿಯಿರಿ. 20 ಮೀಟರ್ ಸಿಕ್ಕಿತು ಅನ್ನೋಣ. ನಾಲ್ಕು ಗುಣಿಸು ಇಪ್ಪತ್ತು ಗುಣಿಸು ಐದು, 400 ವ್ಯಾಟ್.

ಈಗ ಪೈಪಿನ ವಿಷಯ ಗಮನವಿಟ್ಟು ಕೇಳಿ. ಹಳ್ಳದ ಕಟ್ಟಿನಿಂದ ಟರ್ಬೈನಿಗೆ 150 ಮೀಟರ್ ಪೈಪ್ ಬೇಕು ಅಂದುಕೊಳ್ಳಿ. ಎರಡು ಇಂಚಿನ ಪೈಪ್ ಎಳೆದರೆ ನೀರು ಒಳಗೆ ಉಜ್ಜಿಕೊಂಡೇ 11-12 ಮೀಟರ್ ಎತ್ತರ ಕಳೆದುಹೋಗುತ್ತದೆ. 20ರಲ್ಲಿ ಅರ್ಧಕ್ಕಿಂತ ಜಾಸ್ತಿ! ಮೂರು ಇಂಚಿನದಾದರೆ ಕಳೆಯುವುದು ಬರೀ ಒಂದೂವರೆ ಮೀಟರ್ ಚಿಲ್ಲರೆ. ದುಡ್ಡು ಉಳಿಸಲು ಎಲ್ಲಿ ಬೇಕಾದರೂ ಕೈ ಹಾಕಿ, ಈ ಪೈಪಿಗೆ ಮಾತ್ರ ಬೇಡ.

ಮೂರು ಇಂಚಿನ ಪೈಪಿನಲ್ಲಿ 350 ವ್ಯಾಟ್ ಕೈಗೆ ಸಿಕ್ಕಿತು. ಕಡಿಮೆ ಅನ್ನಿಸಬಹುದು. ಆದರೆ ಹಳ್ಳಕ್ಕೆ ರಾತ್ರಿ ಇಲ್ಲ. 350 ವ್ಯಾಟ್ 24 ಗಂಟೆ ನಡೆದರೆ 8.4 ಯೂನಿಟ್. ಬಿಸಿಲ ದಿನದಲ್ಲಿ 2 ಕಿಲೋವ್ಯಾಟ್ ಪ್ಯಾನಲ್ ಕೊಡುವಷ್ಟು, ಅದೂ ಸೂರ್ಯ ಕಾಣದ ಜುಲೈನಲ್ಲಿ.

ಮನೆಗೆ ಬೇಕಾದದ್ದು ಎರಡು. ಉಳಿದ ಆರು ಯೂನಿಟ್ ಏನು ಮಾಡುವುದು? ಸುಮ್ನೆ ಬಿಡುವ ಹಾಗಿಲ್ಲ. ಬ್ಯಾಟರಿ ತುಂಬಿ ಕರೆಂಟಿಗೆ ದಾರಿ ಇಲ್ಲದಾದರೆ ಟರ್ಬೈನ್ ಹಿಡಿತ ತಪ್ಪಿ ವೇಗವಾಗಿ ಸುತ್ತುತ್ತದೆ. ವೋಲ್ಟೇಜ್ ಏರಿ ಸಾಮಾನು ಸುಡುತ್ತದೆ. ಹಾಗಾಗಿ ಕಂಟ್ರೋಲರ್ ಹೆಚ್ಚಾದ ಕರೆಂಟನ್ನು ಯಾವಾಗಲೂ ಒಂದು ಕಾಯಿಲ್‌ಗೆ ತಿರುಗಿಸುತ್ತದೆ. ಎಷ್ಟೋ ಕಡೆ ಆ ಕಾಯಿಲ್ ಗೋಡೆಯ ಮೇಲೆ ಕೂತು ಗಾಳಿಯನ್ನು ಬಿಸಿ ಮಾಡುತ್ತಿರುತ್ತದೆ. ಅದನ್ನು ನೀರಿನ ತೊಟ್ಟಿಯೊಳಗೆ ಇಳಿಸಿ. 100 ಲೀಟರಿಗೆ ಮೂರೂವರೆಯ ಲೆಕ್ಕದಲ್ಲಿ ಆರು ಯೂನಿಟ್ ಅಂದರೆ 170 ಲೀಟರ್ ಬಿಸಿನೀರು! ತೊಟ್ಟಿಯಿಂದ ಆರುವುದನ್ನು ಕಳೆದರೂ ಇಡೀ ಮನೆಗೆ ಸಾಕು. ಆಗ ಹೇಳಿದ ಒಳ್ಳೆಯ ದಾರಿ ಇದೇ. ತೊಟ್ಟಿ ಮತ್ತು ಕಾಯಿಲ್‌ಗೆ ಅರ್ಥಿಂಗ್ ಕಡ್ಡಾಯ. ನೀರು ಬತ್ತಿದರೂ ಕಾಯಿಲ್ ಸುಡದ ಹಾಗೆ, ಗೋಡೆಯ ಮೇಲೆ ಇನ್ನೊಂದು ಕಾಯಿಲ್ ಬದಲಿಗೆ ಇರಲಿ.

ಬೆಟ್ಟದ ನೀರನ್ನು ಹೀಗೆ ತಿರುಗಿಸುವ ಮೊದಲು ಜಾಗ ಯಾರದ್ದು ನೋಡಿಕೊಳ್ಳಿ. ಅರಣ್ಯ ಇಲಾಖೆಯದ್ದಾದರೆ ಅನುಮತಿ ಬೇಕು. ಪೂರ್ತಿ ಹಳ್ಳವನ್ನು ಪೈಪಿಗೆ ಹಾಕಬೇಡಿ. ಮೀನು ಏಡಿಗಳಿಗೆ ಹರಿವು ಉಳಿಯಲಿ. ಟರ್ಬೈನ್ ದಾಟಿದ ನೀರು ಮತ್ತೆ ಅದೇ ಹಳ್ಳ ಸೇರಲಿ.

[ತೆರೆಯಲ್ಲಿ: ವರ್ಷದ ಪಟ್ಟಿ. ಬಿಸಿಲು ಇಳಿಯುವ ಗೆರೆ, ಹಳ್ಳ ಏರುವ ಗೆರೆ]

ಬಿಸಿಲು ಮತ್ತು ಹಳ್ಳ ಇಷ್ಟು ಚೆನ್ನಾಗಿ ಜೋಡಿಯಾದರೂ ನಡುವೆ ಒಂದು ಸಂದು ಇದೆ. ಮೃಗಶಿರಾ ಮಳೆ ಶುರುವಾದ ದಿನವೇ ಮೋಡ ಕವಿಯುತ್ತದೆ, ಪ್ಯಾನಲ್ ಮಂಕಾಗುತ್ತದೆ. ಹಳ್ಳ ಮಾತ್ರ ಅಂದೇ ಏರುವುದಿಲ್ಲ. ಒಣಗಿದ ಬೆಟ್ಟ ಮೊದಲು ತಾನು ಕುಡಿಯುತ್ತದೆ. ಆರಿದ್ರಾ ಮಳೆ ಬರುವ ತನಕ, ಕೆಲವು ವರ್ಷ ಇನ್ನೂ ಮುಂದಕ್ಕೆ, ಎರಡರಿಂದಲೂ ಪೂರ್ತಿ ಸಿಗುವುದಿಲ್ಲ. ನಿಮ್ಮ ಬ್ಯಾಟರಿ ಮತ್ತು ಪ್ಯಾನಲಿನ ಸೈಜ್ ನಿಲ್ಲಬೇಕಾದದ್ದು ಈ ಎರಡು ಮೂರು ವಾರದ ಮೇಲೆ. ದಿನಕ್ಕೆ ಒಂದೂವರೆ ಯೂನಿಟ್ ಬೇಕು, ಮೋಡದಲ್ಲಿ ಕಿಲೋವ್ಯಾಟಿಗೆ ಒಂದು ಸಿಗುತ್ತದೆ ಅಂದರೆ ಒಂದೂವರೆ ಕಿಲೋವ್ಯಾಟ್ ಪ್ಯಾನಲ್ ಹಾಕಿಸಿ. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಳ್ಳವೇ ಇಲ್ಲದ ಮನೆಯಾದರೆ ಎರಡೂವರೆಗೆ ಹೋಗಿ, ಬಚ್ಚಲ ಒಲೆಯನ್ನು ಗಟ್ಟಿ ಮಾಡಿಕೊಳ್ಳಿ.

ಬ್ಯಾಟರಿ ಎರಡು ದಿನದ್ದು ಸಾಕು. 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿ ಮೇಲೆ ಬರೆದಿರುವುದು 1.8 ಯೂನಿಟ್, ಬಾಳಿಕೆ ಬರಬೇಕಾದರೆ ಬಳಸಬೇಕಾದದ್ದು ಅದರ ಅರ್ಧ. ಮೂರು ಯೂನಿಟ್ ಸಿಗಲು ಅಂಥವು ನಾಲ್ಕು ಬೇಕು. ಲಿಥಿಯಂ ಫಾಸ್ಫೇಟ್ ಆದರೆ ನಾಲ್ಕು ಯೂನಿಟಿನದು ಒಂದೇ ಸಾಕು, ನೀರು ಹಾಕುವ ಕೆಲಸವೂ ಇಲ್ಲ. ಶುರುವಿನ ಖರ್ಚು ಜಾಸ್ತಿ, ಆದರೂ ನನ್ನ ಮತ ಅದಕ್ಕೇ.

ಅಡುಗೆಗೆ ಗೋಬರ್ ಗ್ಯಾಸ್. ಶಿರಸಿ ಸೀಮೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ದಿನಕ್ಕೆ ಎರಡು ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು ಮಾದರಿಯ ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ ಬೇಕು. ಮಲೆನಾಡು ಗಿಡ್ಡ ಸಣ್ಣ ದನ, ಮೇಯಲು ಹೊರಗೆ ಹೋಗುತ್ತದೆ, ಕೊಟ್ಟಿಗೆಯಲ್ಲಿ ಸಿಗುವುದು ಕಡಿಮೆ. ಎರಡು ದನ ಇಟ್ಟುಕೊಂಡು ದೊಡ್ಡ ಗುಂಡಿ ಕಟ್ಟಿಸಬೇಡಿ. ಒಂದು ಘನ ಮೀಟರಿನದು ಕಟ್ಟಿಸಿ, ಬೆಳಗಿನ ತಿಂಡಿ ಕಾಫಿಗೆ ಅದು, ಅನ್ನ ಸಾರಿಗೆ ಸೌದೆ ಒಲೆ. ಮಳೆಗಾಲದಲ್ಲಿ ಆ ಒಲೆಯ ಮೇಲಿನ ಅಟ್ಟ ಬಟ್ಟೆಯನ್ನೂ ಒಣಗಿಸುತ್ತದೆ.

ಕೊನೆಗೆ ಸಿಡಿಲು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಇನ್ವರ್ಟರ್ ಸುಟ್ಟುಕೊಂಡ ಮನೆಗಳು ಬಹಳ. ಪ್ಯಾನಲ್ ತಂತಿಗೂ ಟರ್ಬೈನ್ ತಂತಿಗೂ, ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್ ಹಾಕಿಸಿ. ಆದರೆ ಒಣಗಿದ ಜಂಬಿಟ್ಟಿಗೆ ನೆಲದಲ್ಲಿ ಅರ್ಥಿಂಗ್ ಸರಿಯಾಗಿ ಹಿಡಿಯುವುದಿಲ್ಲ, ಅರೆಸ್ಟರ್ ಇದ್ದೂ ಉಪಯೋಗವಿಲ್ಲ. ಬಚ್ಚಲ ನೀರು ಹರಿದು ಬಾಳೆ ಬುಡಕ್ಕೆ ಹೋಗುವ ಕಡೆ ನೆಲ ಬೇಸಿಗೆಯಲ್ಲೂ ತೇವವಾಗಿರುತ್ತದೆ. ಅರ್ಥಿಂಗ್ ಗುಂಡಿಯನ್ನು ಅಲ್ಲೇ ತೋಡಿಸಿ.